ಮಂಗಳೂರಿನಿಂದ ಚೀನಾಕ್ಕೆ: ಒಬ್ಬಂಟಿ ಪಯಣಿಗನ ಹಾದಿ

ಮಂಗಳೂರಿನ ಹಳೆಬಂದರಿನ ಧಕ್ಕೆಯಲ್ಲಿ ನಿಂತರೆ ಎದುರಿಗೆ ಬೆಂಗ್ರೆಯ ಮರಳುದಿಣ್ಣೆ, ಅದರಾಚೆ ಅರಬ್ಬಿ ಕಡಲು. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಸಮುದ್ರ ಸೇರುವ ಅಳಿವೆ ಇಲ್ಲಿಯೇ. 1975ರಲ್ಲಿ ಪಣಂಬೂರಿನಲ್ಲಿ ನವಮಂಗಳೂರು ಬಂದರು ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳು ಅತ್ತ ತಿರುಗಿದವು. ಇಲ್ಲಿ ಈಗ ಕಾಣುವುದು ಮೀನುಗಾರಿಕೆಯ ದೋಣಿಗಳು ಮತ್ತು ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು. ಸುಮಾರು 680 ವರ್ಷಗಳ ಹಿಂದೆ ಚೀನಾಕ್ಕೆ ಹೊರಟಿದ್ದ ಪಯಣಿಗನೊಬ್ಬ ಇದೇ ಮಂಗಳೂರಿನಲ್ಲಿ ಇಳಿದಿದ್ದ. ಅವನ ಹೆಸರು ಇಬ್ನ್ ಬತೂತ.

ಮೊರಾಕ್ಕೋದ ಟ್ಯಾಂಜಿಯರಿನ ಈತ 1325ರಲ್ಲಿ ಮನೆ ಬಿಟ್ಟಾಗ 21ರ ಹರೆಯ. ಜೊತೆಗಾರರಿಲ್ಲ, ವರ್ತಕರ ತಂಡವೂ ಇಲ್ಲ. ತಂದೆ ತಾಯಿ ಇಬ್ಬರೂ ಬದುಕಿದ್ದರು. ಅವರನ್ನು ಅಗಲಿದ ಸಂಕಟವನ್ನು ಆತ ತನ್ನ ಪ್ರವಾಸಕಥನದಲ್ಲಿ ಮುಚ್ಚಿಟ್ಟಿಲ್ಲ. ಮೆಕ್ಕಾ ಯಾತ್ರೆಗೆಂದು ಹೊರಟವನು ದೇಶ ದೇಶ ಸುತ್ತಿ ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕನ ನ್ಯಾಯಾಧೀಶನಾದ. 1342ರಲ್ಲಿ ಸುಲ್ತಾನನ ರಾಯಭಾರಿಯಾಗಿ ಚೀನಾದತ್ತ ಹೊರಟು, ಹೊನ್ನಾವರ, ಬಾರಕೂರುಗಳನ್ನು ದಾಟಿ ಮಂಗಳೂರಿಗೆ ಬಂದ.

ಆತ ಕಂಡ ಮಂಗಳೂರಿನಲ್ಲಿ ಕಾಳುಮೆಣಸು, ಶುಂಠಿ ಹೇರಳ. ಪರ್ಷಿಯಾ, ಯೆಮೆನ್‌ಗಳ ವರ್ತಕರು ಬಂದಿಳಿಯುತ್ತಿದ್ದರು. ಸುಮಾರು 4000 ಮುಸ್ಲಿಮರ ಕೇರಿಯೊಂದಿತ್ತು. ಅವರಿಗೂ ಊರವರಿಗೂ ಜಗಳವಾದರೆ ಅರಸನೇ ರಾಜಿ ಮಾಡಿಸುತ್ತಿದ್ದ; ವ್ಯಾಪಾರಿಗಳು ಅವನಿಗೆ ಬೇಕಾಗಿದ್ದರು. ಇಲ್ಲಿಯ ಕಾಜಿ ಹಡಗಿಗೇ ಬಂದು ಕರೆದರೂ ಅತಿಥಿಗಳು ಇಳಿಯಲಿಲ್ಲ. ಅರಸನ ಮಗ ಒತ್ತೆಯಾಗಿ ಹಡಗಿನಲ್ಲಿರಬೇಕೆಂದು ಪಟ್ಟು ಹಿಡಿದರು. ಅಪರಿಚಿತರು ನಿರ್ಭಯವಾಗಿ ಊರಿಗೆ ಕಾಲಿಡಲೆಂದು ಅರಸ ಮಗನನ್ನು ಕಳುಹಿಸಿಕೊಟ್ಟ! ಮುಂದೆ ಮೂರು ದಿನ ಆದರದ ಆತಿಥ್ಯ.

ಈ ಕರಾವಳಿಯ ದಾರಿಯನ್ನೂ ಆತ ಬಣ್ಣಿಸಿದ್ದಾನೆ. ಎರಡೂ ಬದಿ ಮರಗಳ ನೆರಳು. ಅರ್ಧ ಮೈಲಿಗೊಂದು ಮರದ ತಂಗುಮನೆ, ಕೂರಲು ಜಗಲಿ, ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ಕಾವಲುಗಾರ. ಜಾತಿಯ ಕಟ್ಟಳೆಯೂ ಅಲ್ಲಿತ್ತು: ಹಿಂದೂಗಳಿಗೆ ಪಾತ್ರೆಯಲ್ಲಿ, ಮುಸ್ಲಿಮರಿಗೆ ಬೊಗಸೆಗೆ. ಆದರೂ ಬಾಯಾರಿದವರಿಗೆಲ್ಲ ನೀರು ಸಿಗುತ್ತಿತ್ತು.

ಕಲ್ಲಿಕೋಟೆಯಲ್ಲಿ ಬಿರುಗಾಳಿ ಎದ್ದು ರಾಯಭಾರದ ಕಾಣಿಕೆಗಳಿದ್ದ ಹಡಗು ಒಡೆಯಿತು. ಉಳಿದ ಒಬ್ಬ ಆಳೂ ಬಿಟ್ಟು ಹೋದ. ದಡದಲ್ಲಿದ್ದ ಇಬ್ನ್ ಬತೂತನಿಗೆ ಉಳಿದದ್ದು ಹತ್ತು ದಿನಾರು ಮತ್ತು ಮಲಗುವ ಜಮಖಾನೆ. ಬೆನ್ನಿಗೆ ಚೀಲ ಏರಿಸಿ ತಿರುಗುವ ಇಂದಿನ ಯುವಕರ ಬಳಿಯೂ ಇದಕ್ಕಿಂತ ಹೆಚ್ಚು ಸಾಮಾನಿರುತ್ತದೆ!

ಮಾಲ್ಡೀವ್ಸ್, ಸಿಂಹಳ, ಬಂಗಾಳ, ಸುಮಾತ್ರಾಗಳ ಮೂಲಕ ಕೊನೆಗೂ ದಕ್ಷಿಣ ಚೀನಾದ ಕ್ವಾನ್‌ಝೌ ಬಂದರು ತಲುಪಿದ. ಅಲ್ಲಿಂದ ನದಿಮಾರ್ಗವಾಗಿ ಗ್ವಾಂಗ್‌ಝೌಗೆ ಹೋದನೆಂದು ಬರೆದಿದ್ದಾನೆ. ಚೀನಾದಲ್ಲಿ ಅವನು ಎಷ್ಟು ದೂರ ಸುತ್ತಿದ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅವನ ಒಂದು ಮಾತು ಗಮನಾರ್ಹ: ಒಬ್ಬಂಟಿ ಪಯಣಿಗನಿಗೆ ಚೀನಾದಷ್ಟು ಸುರಕ್ಷಿತ ದೇಶ ಬೇರಿಲ್ಲ. ಪ್ರತಿ ತಂಗುದಾಣದಲ್ಲಿ ರಾತ್ರಿ ಅಧಿಕಾರಿ ಬಂದು ಎಲ್ಲರ ಹೆಸರು ಬರೆದುಕೊಂಡು ಬಾಗಿಲಿಗೆ ಬೀಗ ಹಾಕುತ್ತಿದ್ದ. ಬೆಳಗ್ಗೆ ಹೆಸರು ಕರೆದು, ಮುಂದಿನ ದಾಣದವರೆಗೆ ಜನ ಕೊಟ್ಟು, ತಲುಪಿದ ಬಗ್ಗೆ ಪತ್ರ ತರಿಸುತ್ತಿದ್ದ. ಇಂದಿಗೂ ಚೀನಾದಲ್ಲಿ ತಂಗುವ ವಿದೇಶಿಯರ ವಿವರ ಪೊಲೀಸರಲ್ಲಿ ದಾಖಲಾಗಬೇಕು.

ಇಷ್ಟೆಲ್ಲ ಇದ್ದೂ ಚೀನಾ ಅವನ ಮನಸ್ಸಿಗೆ ಹಿಡಿಸಲಿಲ್ಲ. ಪರಕೀಯ ಆಚಾರಗಳಿಗೆ ಬೇಸತ್ತು ಅಗತ್ಯವಿಲ್ಲದೆ ಹೊರಗೆ ಬರುತ್ತಿರಲಿಲ್ಲ. ತನ್ನ ಧರ್ಮದವರು ಸಿಕ್ಕರೆ ಬಂಧುಗಳೇ ಸಿಕ್ಕಂತಾಗುತ್ತಿತ್ತು. ಬೀಗ, ಪಹರೆಗಳು ಪ್ರಾಣ ಕಾಯಬಲ್ಲವು. ಪರವೂರನ್ನು ಒಗ್ಗಿಸಿಕೊಳ್ಳುವ ಕೆಲಸ ಪಯಣಿಗನದೇ.

ಒಬ್ಬನೇ ಹೊರಡುತ್ತೇನೆನ್ನುವ ಮಗನಿಗೆ, ಒಬ್ಬಳೇ ಹೊರಡುತ್ತೇನೆನ್ನುವ ಮಗಳಿಗೆ ಹೆತ್ತವರು ಕೇಳುವ ಮೊದಲ ಪ್ರಶ್ನೆ, 'ಜೊತೆಗೆ ಯಾರಿದ್ದಾರೆ?' ಅದರೊಡನೆ 'ಅಲ್ಲಿ ಯಾರಿದ್ದಾರೆ?' ಎಂದೂ ಕೇಳಬೇಕು. ದಾರಿಯ ಬಾವಿ, ತಂಗುಮನೆ, ಒತ್ತೆಯಾಗಿ ಬಂದ ಅರಸುಮಗ, ಇವರೆಲ್ಲ ಇದ್ದುದರಿಂದಲೇ ಆ ಪಯಣ ಸಾಧ್ಯವಾಯಿತು. ಬಂದವರಿಗೆ ಬೆಲ್ಲ, ನೀರು ಕೊಟ್ಟು ಕೂರಿಸುವ ತುಳುನಾಡಿನ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪರವೂರುಗಳಿಂದ ಮಂಗಳೂರಿಗೆ ಓದಲು ಬರುವ ಮಕ್ಕಳಿಗೂ ಈ ಊರು ಅಂಥದೇ ಒಂದು ಪರದೇಶ.

1348ರಲ್ಲಿ ಡಮಾಸ್ಕಸ್‌ಗೆ ಮರಳಿದಾಗ ಇಬ್ನ್ ಬತೂತನಿಗೆ ಸುದ್ದಿ ಸಿಕ್ಕಿತು: ತಂದೆ ತೀರಿಕೊಂಡು 15 ವರ್ಷಗಳಾಗಿದ್ದವು. ಮರುವರ್ಷ ಊರು ಸೇರುವ ಮೊದಲೇ ತಾಯಿಯೂ ಪ್ಲೇಗಿಗೆ ಬಲಿಯಾಗಿದ್ದರು. ಆಗ ಸುದ್ದಿ ಮುಟ್ಟಿಸುವುದು ಅಷ್ಟು ಕಷ್ಟ. ಇಂದು ಆ ಕಷ್ಟವಿಲ್ಲ. ಎಷ್ಟೇ ದೂರ ಹೋದರೂ, ಉಳಿದುಕೊಂಡ ಪ್ರತಿ ಊರಿನಿಂದ ಮನೆಗೊಂದು ಮಾತು ಮುಟ್ಟಿಸಿದರೆ ಸಾಕು.