ಕರಿಕಿಯ ಒಕ್ಕಲುತನ

ನಮ್ಮೂರು ಹಿರೇಕೊಟ್ನೆಕಲ್ಲಿನಲ್ಲಿ ನಮಗೆ ಆಟದ ಬಯಲು ಸಿಗುತ್ತಿದ್ದುದು ಜೋಳದ ರಾಶಿ ಮುಗಿದ ಮೇಲೆ. ಕಣಿಕೆಯೆಲ್ಲ ಬಣವಿ ಸೇರಿ ಹೊಲ ಬರಿದಾಗಿ ಬಿದ್ದಿರುತ್ತಿತ್ತು. ನಮ್ಮದು ಎರಿ ಭೂಮಿ, ಕಪ್ಪು ಮಣ್ಣು. ಬೇಸಿಗೆ ಬಂತೆಂದರೆ ಬಾಯಿ ಬಿಡುತ್ತದೆ. ಆ ಬಿರುಕಿಗೆ ಕಾಲು ಇಳಿದರೆ ಆಟಗಾರ ಅಲ್ಲೇ ಕುಕ್ಕರಿಸುತ್ತಾನೆ. ಹಾಗಾಗಿ ನಾವು ಚೆಂಡಿನ ಮೇಲೆ ಒಂದು ಕಣ್ಣು, ನೆಲದ ಮೇಲೆ ಒಂದೂವರೆ ಕಣ್ಣು ಇಟ್ಟು ಓಡುತ್ತಿದ್ದೆವು. ಮಳೆ ಬಿದ್ದರೆ ಇನ್ನೊಂದು ಫಜೀತಿ. ನಾಲ್ಕು ಹೆಜ್ಜೆಗೆ ಒಂದೊಂದು ಕಾಲಿಗೂ ಸೇರುಗಟ್ಟಲೆ ಮಣ್ಣು. ಚೆಂಡನ್ನು ಒದೆಯುವ ಮೊದಲು ನಮ್ಮ ಕಾಲನ್ನು ನಾವೇ ಎತ್ತಿಕೊಳ್ಳಬೇಕು. ದೂರದಿಂದ ನೋಡಿದವರು ಹುಡುಗರು ಕಬಡ್ಡಿ ಆಡುತ್ತಿದ್ದಾರೆ ಅಂದುಕೊಂಡರೆ ತಪ್ಪು ಅವರದಲ್ಲ.

ಅದಕ್ಕೇ ಇರಬೇಕು, ಟೀವಿಯಲ್ಲಿ ಫುಟ್‌ಬಾಲ್ ಹಚ್ಚಿದರೆ ನನಗೆ ಗೋಲಿಗಿಂತ ಮೊದಲು ನೆಲ ಕಾಣುತ್ತದೆ.

ಬೆಂಗಳೂರು ಎಫ್‌ಸಿ ಎಂಬ ಫುಟ್‌ಬಾಲ್ ಕ್ಲಬ್ಬನ್ನೇ ನೋಡಿ. ಅದು ಹುಟ್ಟಿದ್ದು 2013ರಲ್ಲಿ. ಮೊದಲು ಆಡಿದ್ದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಪ್ಲಾಸ್ಟಿಕ್ ಎಸಳಿನ ಕೃತಕ ಹುಲ್ಲಿನ ಮೇಲೆ. ನೀರು ಬೇಡ, ಗೊಬ್ಬರ ಬೇಡ, ದನ ಬಂದು ಮೇಯುವ ಭಯವೂ ಇಲ್ಲ. ಆ ಹುಲ್ಲಿನ ಮೇಲೇ ಹುಡುಗರು ಮೊದಲ ವರ್ಷವೇ ಐ-ಲೀಗ್ ಗೆದ್ದರು. ಆಮೇಲೆ ಕ್ಲಬ್ಬು ಕಂಠೀರವ ಕ್ರೀಡಾಂಗಣಕ್ಕೆ ಹೋಯಿತು. ಅಲ್ಲಿ ನಿಜವಾದ ಹುಲ್ಲು. ಆದರೆ ಹುಲ್ಲಿಗೂ ನೋಡುವವರಿಗೂ ನಡುವೆ ಓಟಗಾರರ ಟ್ರ್ಯಾಕು. 2016ರ ಅಕ್ಟೋಬರಿನಲ್ಲಿ ಮಲೇಷ್ಯಾದ ಜೋಹರ್ ತಂಡವನ್ನು 3-1ರಿಂದ ಸೋಲಿಸಿ, ಎಎಫ್‌ಸಿ ಕಪ್ಪಿನ ಫೈನಲ್ ಸೇರಿದ ಮೊದಲ ಭಾರತೀಯ ಕ್ಲಬ್ಬು ಎನಿಸಿಕೊಂಡದ್ದು ಆ ಹುಲ್ಲಿನ ಮೇಲೆ. ದೋಹಾದ ಫೈನಲ್ಲಿನಲ್ಲಿ ಒಂದೇ ಗೋಲಿನಿಂದ ಸೋತರು, ಇರಲಿ.

ಕ್ಲಬ್ಬಿನ ಆಟ ಬೆಂಗಳೂರಿನಲ್ಲಿ ನಡೆದರೂ ತಾಲೀಮಿನ ಒಂದು ಬೇರು ನಮ್ಮ ಕಡೆಗೇ ಇಳಿದಿದೆ ಎಂಬುದು ನನಗೆ ತಡವಾಗಿ ತಿಳಿಯಿತು. ತೋರಣಗಲ್ಲಿನ ವಿಜಯನಗರದಲ್ಲಿ, ಬೆಂಗಳೂರು ಎಫ್‌ಸಿಯ ಒಡೆಯರಾದ ಜೆಎಸ್‌ಡಬ್ಲ್ಯೂದವರ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲೇ, 2018ರ ಆಗಸ್ಟಿನಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಸಂಸ್ಥೆ ಬಾಗಿಲು ತೆರೆಯಿತು. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್, ಈಜು ಅಲ್ಲಿಯ ಮುಖ್ಯ ಪಾಠಗಳು. ಭರ್ಜಿ ಎಸೆಯುವ ನೀರಜ್ ಚೋಪ್ರಾ ತಾಲೀಮು ಮಾಡಿದ್ದು ಅಲ್ಲಿಯೇ. ಮಕ್ಕಳಿಗಾಗಿ ಬೆಂಗಳೂರು ಎಫ್‌ಸಿ ವಸತಿ ಅಕಾಡೆಮಿ ಮಾಡಿದ್ದೂ ಅದೇ ವಿಜಯನಗರದಲ್ಲಿ. ಋತುವಿನ ಆಟ ಶುರುವಾಗುವ ಮುನ್ನ ದೊಡ್ಡವರ ತಂಡವೂ ಅಲ್ಲಿ ಬಂದು ಬೆವರಿಳಿಸಿದ್ದುಂಟು. ಬಳ್ಳಾರಿಯ ಬಿಸಿಲಿಗೆ ಮೈಯೊಡ್ಡಿದವರಿಗೆ ಎದುರಾಳಿಯ ಭಯ ಎಲ್ಲಿಂದ ಬರಬೇಕು?

ನನ್ನ ಅಕ್ಕನ ಮಗ ಆ ಕಡೆ ಗುತ್ತಿಗೆ ಕೆಲಸಕ್ಕೆ ಹೋಗಿದ್ದಾನೆ. ಅವನನ್ನು ನೋಡುವ ನೆಪ ಮಾಡಿಕೊಂಡು ಒಮ್ಮೆ ಹೊರಟೆ. ಸಿಂಧನೂರು ಬಿಟ್ಟು, ತುಂಗಭದ್ರೆಯನ್ನು ದಾಟಿ, ಸಿರುಗುಪ್ಪದಲ್ಲಿ ಒಗ್ಗರಣಿ-ಮಿರ್ಚಿ ತಿಂದು, ಬಳ್ಳಾರಿಯಲ್ಲಿ ಬಸ್ಸು ಬದಲಿಸಿದೆ. ಕುಡತಿನಿ ದಾಟುತ್ತಿದ್ದಂತೆ ಎರಿಯ ಕಪ್ಪು ಕಳೆದು ಮಸಾರಿಯ ಕೆಂಪು ಶುರುವಾಯಿತು. ಅದಿರು ಹೊತ್ತ ಲಾರಿಗಳು, ಕೆಂಧೂಳು ಕುಡಿದ ಗಿಡಗಳು. ಇಂಥ ಕೆಂಪಿನ ನಡುವೆ ಹಸಿರು ಬಯಲು ಎಂದರೆ ಏನು ಹುಡುಗಾಟವೇ?

ಅಳಿಯ ದೂರದಿಂದಲೇ ಬಯಲು ತೋರಿಸಿದ. "ಮಾಮಾ, ಅದು ಬರ್ಮುಡಾ ಹುಲ್ಲು ಇರಬೇಕು ನೋಡು. ಸೆಕೆ ನಾಡಿನ ಫುಟ್‌ಬಾಲಿಗೆಲ್ಲ ಅದನ್ನೇ ಹಾಕ್ತಾರ" ಅಂದ. ಹೆಸರು ಕೇಳಿ ಎಲ್ಲೋ ಸಮುದ್ರದಾಚೆಯ ರಾಜಕುಮಾರಿ ಇರಬೇಕು ಅಂದುಕೊಂಡೆ. ಅವನ ಫೋನಿನಲ್ಲಿ ಎಸಳಿನ ಚಿತ್ರ ದೊಡ್ಡದು ಮಾಡಿ ನೋಡಿದರೆ, ಅಯ್ಯೋ ಶಿವನೇ, ಕರಿಕಿ! ಗಣಪನ ತಲೆಯ ಮೇಲಿನ ಗರಿಕೆ!

ಎರಿ ಹೊಲದವರಿಗೆ ಕರಿಕಿ ಎಂದರೆ ಏನೆಂದು ಹೇಳಬೇಕು. ಅದು ಒಕ್ಕಲಿಗನ ಹಗೆ. ಮೇಲೆ ಕಿತ್ತರೆ ಕೆಳಗೆ ಇರುತ್ತದೆ. ಗೆಣ್ಣಿನ ಒಂದು ತುಂಡು ಮಣ್ಣಲ್ಲಿ ಉಳಿದರೂ ಮುಂದಿನ ಮಳೆಗೆ ಮತ್ತೆ ತಲೆ ಎತ್ತುತ್ತದೆ. ನಮ್ಮಜ್ಜ ನೆಲ ಅಗೆಸಿ ಕರಿಕಿ ತೆಗೆಸಿದ ಖರ್ಚನ್ನು ಸಾಯುವ ತನಕ ಲೆಕ್ಕ ಹೇಳುತ್ತಿದ್ದ. ಈಗ ಯೋಚಿಸಿದರೆ ಫುಟ್‌ಬಾಲಿಗೆ ಬೇಕಾದದ್ದೂ ಆ ಹಟವೇ. ಇಪ್ಪತ್ತೆರಡು ಜನ ಮೊಳೆ ಬೂಟಿನಲ್ಲಿ ತುಳಿದು ಕೆದರಿದರೂ ಅದು ಬಳ್ಳಿ ಚಾಚಿ ಗಾಯ ಮುಚ್ಚಿಕೊಳ್ಳುತ್ತದೆ. ಅಜ್ಜ ಬೈದ ಗುಣವನ್ನೇ ಆಟದವರು ರೊಕ್ಕ ಕೊಟ್ಟು ತಂದಿದ್ದಾರೆ.

105 ಮೀಟರ್ ಉದ್ದ, 68 ಮೀಟರ್ ಅಗಲ; ದೊಡ್ಡ ಪಂದ್ಯದ ಬಯಲಿನ ಅಳತೆ ಇದು. ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಎಕರೆ ಮೂವತ್ತು ಗುಂಟೆ. ಅಷ್ಟು ನೆಲಕ್ಕೆ ನಡೆಯುವ ಆರೈಕೆ ನಮ್ಮೂರಿನ ಭತ್ತದ ಗದ್ದೆಗೂ ಇಲ್ಲ. ನೀರುಣಿಸುತ್ತಾರೆ, ಗೊಬ್ಬರ ಚೆಲ್ಲುತ್ತಾರೆ, ಉಸಿರಾಡಲೆಂದು ನೆಲಕ್ಕೆ ತೂತು ಹೊಡೆಯುತ್ತಾರೆ, ಬೆಳೆದದ್ದನ್ನು ಒಂದು ಇಂಚಿನಷ್ಟು ಉಳಿಸಿ ಕತ್ತರಿಸುತ್ತಾರೆ. ಕತ್ತರಿಸಿದ್ದು ದನಕ್ಕೂ ಇಲ್ಲ, ಪೇಟೆಗೂ ಇಲ್ಲ. ಸುಗ್ಗಿಯೇ ಇಲ್ಲದ ಒಕ್ಕಲುತನ.

ನನ್ನನ್ನು ಹೆಚ್ಚು ಕಾಡಿದ್ದು ಕಾಣದ ಭಾಗ. ಒಳ್ಳೆಯ ಬಯಲಿನಲ್ಲಿ ಹುಲ್ಲಿನ ಕೆಳಗೆ ಉಸುಕು, ಅದರಡಿ ಗರಸು, ಅದರೊಳಗೆ ತೂತಿನ ಕೊಳವೆ. ಮಳೆ ಹೊಡೆದರೂ ನೀರು ನಿಲ್ಲದೆ ಬಸಿದು ಹೋಗಬೇಕು. ಇದನ್ನು ಕೇಳಿ ನಾನು ಸುಮ್ಮನಾದೆ. ತುಂಗಭದ್ರಾ ಎಡದಂಡೆ ಕಾಲುವೆ ನಮ್ಮ ಸೀಮೆಗೆ ನೀರು ತಂದಾಗ ನೀರು ತರುವುದನ್ನಷ್ಟೇ ಯೋಚಿಸಿದೆವು, ಬಸಿಯುವುದನ್ನು ಮರೆತೆವು. ಭತ್ತಕ್ಕೆ ಕಟ್ಟಿ ನಿಲ್ಲಿಸಿದ ನೀರು ಎಷ್ಟೋ ಎರಿ ಹೊಲಗಳನ್ನು ಸವಳು-ಜವಳು ಮಾಡಿತು. ಚೆಂಡು ಉರುಳಲೆಂದು ತೋಡುವಷ್ಟು ಬಸಿಗಾಲುವೆಯನ್ನು ಅನ್ನ ಬೆಳೆಯಲು ತೋಡಲಿಲ್ಲ.

ಇಷ್ಟು ಆರೈಕೆಯ ನೆಲ ನೋಡಿ ಫುಟ್‌ಬಾಲಿನ ಬರಿಗಾಲಿನ ಕಾಲವೂ ನೆನಪಾಯಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಭಾರತದ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಆ ತಂಡದ ಬಹಳ ಮಂದಿ ಬರಿಗಾಲಲ್ಲೇ ಆಡಿದರು. ಅವರನ್ನು ಒಂದು ಬೇಸಿಗೆ ನಮ್ಮ ಎರಿ ಹೊಲಕ್ಕೆ ಕರೆಯಬೇಕಿತ್ತು ಎಂಬ ದುರಾಸೆ ನನಗೆ ಈಗಲೂ ಇದೆ.

ಊರಿಗೆ ಬಂದು ಕಟ್ಟೆಯ ಮೇಲೆ ಇದನ್ನೆಲ್ಲ ಹೇಳಿದೆ. ನೆಂಟಸ್ತಿಕೆಯಲ್ಲಿ ಕಾಕನಾಗುವ ಹಿರಿಯರೊಬ್ಬರು ಎಲೆ-ಅಡಿಕೆ ಮೆಲ್ಲುತ್ತ ಕೊನೆತನಕ ಕೇಳಿದರು.

"ಕರಿಕಿ ಹಚ್ಚಾಕ ರೊಕ್ಕ ಕೊಡ್ತಾರಂತೇನೋ?"

"ಹೌದು ಕಾಕಾ."

ಅವರು ಎಲೆಯ ರಸ ಉಗುಳಿ ಬಂದು ಕೂತರು. "ನಮ್ಮ ಕೆಳಗಿನ ಹೊಲದಾಗ ಬೇಕಾದಷ್ಟು ಐತಿ. ಬೇರು ಸಮೇತ ಒಯ್ಯಾಕ ಹೇಳು. ರೊಕ್ಕ ಬ್ಯಾಡ."