ಮೇಲುಕೋಟೆಗೆ ಹಿರಣ್ಯಕಶಿಪು ನುಗ್ಗಿದರೆ...?

ಕಾರ್ಟೂನ್ ಚಿತ್ರಗಳ ಖಳನಾಯಕರೆಲ್ಲ ಒಂದು ದಿನ ಪರದೆ ಹರಿದುಕೊಂಡು ಹೊರಗೆ ಬಂದು ಒಂದು ಥೀಮ್ ಪಾರ್ಕನ್ನೇ ವಶಪಡಿಸಿಕೊಂಡರೆ? ಅಮೆರಿಕದ ಹುಡುಗರು 1955ರಲ್ಲಿ ಶುರುವಾದ ಡಿಸ್ನಿಲ್ಯಾಂಡನ್ನು ನೆನೆಸಿಕೊಂಡಾರು. ನಮ್ಮೋರು ಬಿಡದಿಯ ವಂಡರ್‌ಲಾ ಅಂದಾರು. ನನ್ನ ಓಟು ಮಾತ್ರ ಮೇಲುಕೋಟೆಗೆ! ಅಲ್ಲಿ ನೀರಿನ ಜಾರುಬಂಡೆ ಇಲ್ಲ, ಗಿರಗಿಟ್ಲೆ ಇಲ್ಲ. ಆದರೂ ಖಳನಾಯಕರಿಗೆ ಇದಕ್ಕಿಂತ ಹಳೇ ನಂಟಿನ ಊರು ಇನ್ನೊಂದಿಲ್ಲ. ಯಾಕೆ ಅಂತೀರಾ? ಕೇಳಿ.

2025ರ ಜುಲೈನಲ್ಲಿ ‘ಮಹಾವತಾರ್ ನರಸಿಂಹ’ ಅನ್ನೋ ಅನಿಮೇಷನ್ ಚಿತ್ರ ತೆರೆಕಂಡಿತು. ನಿರ್ದೇಶಕ ಅಶ್ವಿನ್ ಕುಮಾರ್. ಅರ್ಪಿಸಿದ್ದು ನಮ್ಮ ಹೊಂಬಾಳೆಯವರು. ಖಳನಾಯಕ ಹಿರಣ್ಯಕಶಿಪು. ಈ ಪಾತ್ರ ಅಂದಕೂಡಲೇ ನಮ್ಮ ಕಣ್ಣ ಮುಂದೆ ಬರೋದು 1983ರ ‘ಭಕ್ತ ಪ್ರಹ್ಲಾದ’ದ ಅಣ್ಣಾವ್ರು! ಎದುರಿಗೆ ಪ್ರಹ್ಲಾದನಾಗಿ ನಿಂತಿದ್ದು ಸ್ವಂತ ಮಗ, ಪುಟಾಣಿ ಲೋಹಿತ್, ಅಂದರೆ ನಮ್ಮ ಪುನೀತ್. ನಾಯಕನೇ ಖಳನಾದ, ಮಗನೇ ಅಪ್ಪನಿಗೆ ಎದುರು ನಿಂತ. ಅಂಥ ಜೋಡಿ ಮತ್ತೆ ಸಿಗುತ್ತಾ?

ಈಗ ಆ ಹಿರಣ್ಯಕಶಿಪು ಮೇಲುಕೋಟೆ ಬಸ್ಸಿನಿಂದ ಇಳಿದ ಅನ್ನಿ. ಮೈಸೂರಿನಿಂದ ಸುಮಾರು 50 ಕಿ.ಮೀ. ದೂರ, ಪಾಂಡವಪುರ ತಾಲ್ಲೂಕು. ತಲೆ ಎತ್ತಿ ನೋಡಿದರೆ ಬೆಟ್ಟದ ತುದಿಯಲ್ಲಿ ಯಾರು? ಯೋಗಾನರಸಿಂಹ! ಆ ಮೂರ್ತಿಯನ್ನು ಪ್ರತಿಷ್ಠೆ ಮಾಡಿದ್ದು ಪ್ರಹ್ಲಾದನೇ ಅನ್ನೋದು ಸ್ಥಳಪುರಾಣ. ಅಂದರೆ ಅಪ್ಪನನ್ನು ಕೊಂದವನಿಗೆ ಮಗನೇ ಗುಡಿ ಕಟ್ಟಿದ ಊರಿಗೆ ಅಪ್ಪ ಬಂದು ಇಳಿದಿದ್ದಾನೆ! ಜೊತೆಗೆ ‘ದಿ ಲಯನ್ ಕಿಂಗ್’ (1994) ಚಿತ್ರದ ಆ ಕಪಟಿ ಸಿಂಹ ಸ್ಕಾರ್ ಬಂದಿದ್ದರೆ ಮೊದಲ ಮೆಟ್ಟಿಲಲ್ಲೇ ಬಾಲ ಮುದುರಿಕೊಂಡು ವಾಪಸ್. ಮೇಲೆ ಕೂತಿರೋದು ಅವನಿಗಿಂತ ದೊಡ್ಡ ಸಿಂಹ ತಾನೆ?

ಖಳನಾಯಕರ ಕಣ್ಣು ಮೊದಲು ಬೀಳೋದು ಖಜಾನೆ ಮೇಲೆ. ಇಲ್ಲಿ ಆ ಕೆಲಸವೂ ಒಮ್ಮೆ ಆಗಿಹೋಗಿದೆ. ಕ್ಷೀರಸಾಗರದಲ್ಲಿ ವಿಷ್ಣು ಮಲಗಿದ್ದಾಗ ಅವನ ಕಿರೀಟ ಕದ್ದು ಪಾತಾಳಕ್ಕೆ ಓಡಿದವನು ವಿರೋಚನ. ಅವನು ಯಾರು ಗೊತ್ತಾ? ಪ್ರಹ್ಲಾದನ ಮಗ, ಹಿರಣ್ಯಕಶಿಪುವಿನ ಮೊಮ್ಮಗ! ಗರುಡ ಹೋಗಿ, ಹೋರಾಡಿ ಅದನ್ನು ತಂದ. ಆ ಕಿರೀಟವೇ ವೈರಮುಡಿ ಅಂತಾರೆ. ತಾತ ಖಳ, ಮಗ ಭಕ್ತ, ಮೊಮ್ಮಗ ಕಳ್ಳ. ಮೂರು ತಲೆಮಾರಿನ ಈ ಕಥೆ ಯಾವ ಚಿತ್ರಕಥೆಗಾರನಿಗೆ ಹೊಳೆದೀತು?

ಇವತ್ತಿಗೂ ವೈರಮುಡಿ ಇರೋದು ಮಂಡ್ಯದ ಸರ್ಕಾರಿ ಖಜಾನೆಯಲ್ಲಿ. ಮಾರ್ಚ್–ಏಪ್ರಿಲ್ ಹೊತ್ತಿಗೆ ಬರುವ ಉತ್ಸವಕ್ಕೆ ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಬರುತ್ತೆ. ಚೆಲುವನಾರಾಯಣಸ್ವಾಮಿ ಅದನ್ನು ತೊಡೋದು ರಾತ್ರಿ ಮಾತ್ರ. ಅಂದು ಸಾವಿರಾರು ಜನ ಬೀದಿಯಲ್ಲೇ ಬೆಳಗು ಮಾಡ್ತಾರೆ.

ಸಿನಿಮಾದವರಿಗೂ ಈ ಊರಿನ ನಂಟು ಗಟ್ಟಿ. 1964ರ ‘ಚಿನ್ನದ ಗೊಂಬೆ’ಯ ನಾಯಕಿ ಜಯಲಲಿತಾ ಹುಟ್ಟಿದ್ದು ಇಲ್ಲೇ, 1948ರಲ್ಲಿ. ‘ಗುರು’ (2007) ಚಿತ್ರದಲ್ಲಿ ಐಶ್ವರ್ಯಾ ರೈ ಮಳೆಯಲ್ಲಿ ಕುಣಿದ ಹಾಡಿನ ಒಂದು ಭಾಗ ತೆಗೆದದ್ದೂ ಇಲ್ಲೇ. ಆದರೆ 2022ರಲ್ಲಿ ತೆಲುಗು ಚಿತ್ರವೊಂದಕ್ಕೆ ರಾಯಗೋಪುರದ ಬಳಿ ಬಾರಿನ ಸೆಟ್ ಹಾಕಿದಾಗ ಊರಿನವರು ರೇಗಿದರು. ರೇಗದೆ ಇರ್ತಾರಾ? ಸೆಟ್ಟು ನಾಳೆ ಕಿತ್ತು ಹೋಗುತ್ತೆ, ಊರು ಇಲ್ಲೇ ಇರಬೇಕಲ್ಲ!

ಕೊನೆಗೆ ನಮ್ಮ ಹಿರಣ್ಯಕಶಿಪು ಎಲ್ಲಿಗೆ ಹೋಗ್ತಾನೆ? ನನಗೆ ಅನುಮಾನವೇ ಇಲ್ಲ, ಅದೇ ರಾಯಗೋಪುರಕ್ಕೆ. ಮೇಲೆ ಗೋಪುರ ಪೂರ್ತಿಯಾಗಿಲ್ಲ. ಆಕಾಶಕ್ಕೆ ಎದ್ದು ನಿಂತ ಕಲ್ಲಿನ ಕಂಬಗಳು. ಕಂಬ ಕಂಡರೆ ಅವನ ಎದೆ ಧಸಕ್ ಅನ್ನಬೇಕು! ಯಾವುದರೊಳಗೆ ಇದ್ದಾನೋ ಯಾರಿಗೆ ಗೊತ್ತು? ಒಳಗೂ ಅಲ್ಲ, ಹೊರಗೂ ಅಲ್ಲ. ಹಗಲೂ ಅಲ್ಲ, ರಾತ್ರಿಯೂ ಅಲ್ಲ ಅಂತ ವರ ಪಡೆದವನಿಗೆ, ಮುಸ್ಸಂಜೆಯಲ್ಲಿ ಬಾಗಿಲೇ ಇಲ್ಲದ ಆ ಹೆಬ್ಬಾಗಿಲು ನೋಡಿದರೆ ಸಾಕು, ಮುಂದಿನ ಬಸ್ಸಿಗೆ ಜಾಗ ಖಾಲಿ ಮಾಡ್ತಾನೆ.

ಇದು ತಮಾಷೆ. ಆದರೆ ಒಂದು ಮಾತು, ಗೆಳೆಯರೇ. ಹಿರಣ್ಯಕಶಿಪುವಿನ ಹಟ ಏನಿತ್ತು? ಎಲ್ಲೆಲ್ಲೂ ನನ್ನ ಹೆಸರೇ ಇರಬೇಕು ಅನ್ನೋದು. ಹಳೇ ಕಂಬದ ಮೇಲೆ ಮೊಳೆ ಹಿಡಿದು ತನ್ನ ಹೆಸರು, ಪಕ್ಕದಲ್ಲಿ ಒಂದು ಹೃದಯ, ಅದಕ್ಕೊಂದು ಬಾಣ ಕೆತ್ತುವವನ ಹಟವೂ ಅದೇ ಅಲ್ಲವಾ? ಕಲ್ಯಾಣಿಗೆ ಬಾಟಲಿ ಎಸೆಯುವವನು ಯಾವ ಪಕ್ಷ? ಪರದೆಯ ಖಳ ಪಾಪ, ಮೂರು ಗಂಟೆಯಲ್ಲಿ ಸಾಯ್ತಾನೆ. ಕಲ್ಲಿಗೆ ಬಿದ್ದ ಗಾಯ ಮಾಯೋದಿಲ್ಲ.

ಭಾನುವಾರ ಬಿಡುವಿದ್ದರೆ ಹೋಗಿ ಬನ್ನಿ. ಅಕ್ಕತಂಗಿ ಕೊಳ ನೋಡಿ, ಬೆಟ್ಟ ಹತ್ತಿ, ಇಳಿದ ಮೇಲೆ ಪುಳಿಯೋಗರೆ ತಿನ್ನದೇ ಬರಬೇಡಿ. ರಾಯಗೋಪುರದ ಹತ್ತಿರ ಫೋಟೋ ಎಷ್ಟು ಬೇಕಾದರೂ ತೆಗೀರಿ, ಅಣ್ಣಾವ್ರ ಗತ್ತಿನಲ್ಲೇ ನಿಂತು ತೆಗೀರಿ. ಕಂಬಕ್ಕೆ ಮಾತ್ರ ಕೈ ಹಚ್ಚಬೇಡಿ. ಒಳಗೆ ಯಾರಿದ್ದಾನೋ!