ಟಕ್ ಎನ್ನುವ ರಿಲೇ

ಯಂತ್ರಗಳ ಶಬ್ದಗಳಲ್ಲಿ ನನಗೆ ತೀರ ಇಷ್ಟವಾದದ್ದು ರಿಲೇಯ ‘ಟಕ್’. ವರ್ಕ್‌ಶಾಪಿನಲ್ಲಿ ಕಿವಿ ತುಂಬುವ ಸದ್ದುಗಳು ಬೇಕಾದಷ್ಟಿವೆ. ಆದರೆ ಪ್ಯಾನೆಲ್ ಬಾಗಿಲು ತೆಗೆದು ನಿಂತಾಗ ಕೇಳುವ ಆ ಪುಟ್ಟ ಸದ್ದು ಖಚಿತವಾದೊಂದು ಸುದ್ದಿ ಹೇಳುತ್ತದೆ. ಕಂಟ್ರೋಲರ್ ಅಪ್ಪಣೆ ಕೊಟ್ಟಿದೆ, ಕಾಯಿಲ್ ತನಕ ಎಲ್ಲ ಸರಿಯಿದೆ. ಇಷ್ಟಾದ ಮೇಲೂ ಸ್ಪಿಂಡಲ್ ತಿರುಗದಿದ್ದರೆ ಹುಡುಕಬೇಕಾದದ್ದು ಅಲ್ಲಿಂದ ಆಚೆಗೆ. ಅರ್ಧ ಕೆಲಸ ಕಿವಿಯಲ್ಲೇ ಮುಗಿಯಿತು.

ಬೆಂಗಳೂರಿನ ಪೀಣ್ಯದ ಕಡೆ ಓಡಾಡುವವರಿಗೆ ಗೊತ್ತು, ಹಳೇ ಲೇತಿಗೆ ಹೊಸ ಜೀವ ಕೊಡುವ ಶೆಡ್‌ಗಳು ಅಲ್ಲಿ ಎಷ್ಟೊಂದಿವೆ ಎಂದು. 1941ರಲ್ಲಿ ಹರಿಹರದಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಎಚ್‌ಎಂಟಿ, ಇವುಗಳ ಹೆಸರು ಹೊತ್ತ ಲೇತ್‌ಗಳನ್ನು ಗುಜರಿಗೆ ಹಾಕಲು ಯಾರಿಗೆ ಮನಸ್ಸು ಬಂದೀತು? ಬೆಡ್ಡಿನ ಎರಕ ಇವತ್ತಿಗೂ ಗಟ್ಟಿಮುಟ್ಟು. ಅದಕ್ಕೆ ಬಾಲ್ ಸ್ಕ್ರೂ, ಸರ್ವೋ ಮೋಟರು, ಒಂದು ಕಂಟ್ರೋಲರ್ ಹಾಕುತ್ತಾರೆ. ಸ್ಪಿಂಡಲ್ ತಿರುಗಿಸಲು ಡ್ರೈವ್ ಕೂರಿಸುತ್ತಾರೆ. ಇಲ್ಲಿಂದ ಮುಂದಕ್ಕೆ ನನ್ನ ಹರಟೆಯ ವಸ್ತು: ಈ ಕಂಟ್ರೋಲರಿಗೂ ಆ ಡ್ರೈವಿಗೂ ಮಾತುಕತೆ ನಡೆಯುವುದು ಹೇಗೆ?

ಎರಡರ ಸ್ವಭಾವವೂ ಬೇರೆ. ಕಂಟ್ರೋಲರ್ 24 ವೋಲ್ಟಿನ ಸೂಕ್ಷ್ಮ ಜೀವಿ. ಡ್ರೈವ್ 415 ವೋಲ್ಟಿನ ಮೂರು ಫೇಸನ್ನು ಒಳಕ್ಕೆಳೆದುಕೊಂಡು, ಸುಮಾರು 580 ವೋಲ್ಟಿನ ಡಿಸಿ ಮಾಡಿ, ಅದನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಮೋಟರಿಗೆ ಉಣಿಸುತ್ತದೆ. ಅದರ ಅಕ್ಕಪಕ್ಕದ ವೈರುಗಳಲ್ಲೆಲ್ಲ ಗಲಾಟೆ. ಹಾಗಾಗಿ ಮನಸ್ತಾಪವಿರುವ ಬೀಗರ ನಡುವೆ ಸುದ್ದಿ ಮುಟ್ಟಿಸುವ ಹಿರಿಯರ ಹಾಗೆ ನಡುವೆ ರಿಲೇ ಬೇಕು. ಮಾತು ದಾಟುತ್ತದೆ, ಜಗಳ ದಾಟುವುದಿಲ್ಲ. ಕಾಯಿಲ್ ಕಂಟ್ರೋಲರಿನ ಕಡೆಗೆ, ಕಾಂಟ್ಯಾಕ್ಟ್ ಡ್ರೈವಿನ ಕಡೆಗೆ. ಎರಡರ ನಡುವೆ ತಂತಿಯ ಸಂಬಂಧವೇ ಇಲ್ಲ, ಇರುವುದು ಆಯಸ್ಕಾಂತದ ಸೆಳೆತ ಮಾತ್ರ. 1835ರಲ್ಲಿ ಅಮೆರಿಕದ ಜೋಸೆಫ್ ಹೆನ್ರಿ ಮಾಡಿ ತೋರಿಸಿದ ಉಪಾಯ ಇದು. ಡ್ರೈವ್ ಇನ್‌ಪುಟ್ ಸಿಂಕೋ ಸೋರ್ಸೋ, ಅಂದರೆ ಕರೆಂಟನ್ನು ಒಳಗೆಳೆದುಕೊಳ್ಳುವುದೋ ಹೊರಗೆ ಕೊಡುವುದೋ, ಎಂದು ತಲೆ ಕೆಡಿಸಿಕೊಳ್ಳುವ ಕಷ್ಟವನ್ನೂ ರಿಲೇ ತಪ್ಪಿಸುತ್ತದೆ. ತನ್ನದೇ ವೋಲ್ಟೇಜ್ ಇಲ್ಲದ ಒಣ ಕಾಂಟ್ಯಾಕ್ಟಿಗೆ ಎರಡೂ ಒಂದೇ.

ವೈರಿಂಗ್ ನೋಡಲು ಸರಳ. ಪ್ರೋಗ್ರಾಮಿನಲ್ಲಿ ಎಂ3 ಬಂದರೆ ಮೊದಲ ರಿಲೇ ಹೊಡೆದು ಡ್ರೈವಿನ ಫಾರ್ವರ್ಡ್ ಟರ್ಮಿನಲನ್ನು ಕಾಮನ್‌ಗೆ ಸೇರಿಸುತ್ತದೆ. ಎಂ4ಕ್ಕೆ ಎರಡನೆಯ ರಿಲೇ, ರಿವರ್ಸ್. ಎಂ5 ಬಂದರೆ ಎರಡೂ ಬಿಡುತ್ತವೆ. ಎರಡೂ ಒಟ್ಟಿಗೆ ಹೊಡೆಯಬಾರದೆಂದು ಒಂದರ ಕಾಯಿಲ್ ದಾರಿಯಲ್ಲಿ ಇನ್ನೊಂದರ ಎನ್‌ಸಿ ಕಾಂಟ್ಯಾಕ್ಟ್, ಅಂದರೆ ರಿಲೇ ಹೊಡೆಯದಿರುವಾಗ ಮುಚ್ಚಿರುವ ಕಾಂಟ್ಯಾಕ್ಟ್, ಹಾಯಿಸುತ್ತಾರೆ. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ಡ್ರೈವಿಗೆ ಗೊತ್ತು, ಹಾಗಿರುವಾಗ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡ್ರೈವ್ ಆಗ ಏನು ಮಾಡುತ್ತದೋ ಅದು ಲೇತಿಗೆ ಹಿಡಿಸಬೇಕಲ್ಲ. ಹಳೆಯ ಕೆಲವು ಲೇತ್‌ಗಳಲ್ಲಿ ಚಕ್ಕನ್ನು ಸ್ಪಿಂಡಲಿನ ಮರೆಗೇ (ಥ್ರೆಡ್ಡಿಗೇ) ತಿರುಗಿಸಿ ಕೂರಿಸಿರುತ್ತಾರೆ. ಜೋರಾಗಿ ಓಡುವಾಗ ಥಟ್ಟನೆ ರಿವರ್ಸ್ ಆದರೆ, ಅಷ್ಟೇಕೆ, ತೀರ ಗಡಸಾಗಿ ಬ್ರೇಕ್ ಹಾಕಿದರೂ, ಚಕ್ಕು ಮರೆ ಬಿಚ್ಚಿಕೊಂಡು ಹೊರಗೆ ಬರುತ್ತದೆ. ಅಂಥ ಲೇತಿನಲ್ಲಿ ರಿವರ್ಸ್ ರಿಲೇಯನ್ನು ಹಾಕದೇ ಇರುವುದೇ ಲೇಸು.

ಹೊಸದಾಗಿ ವೈರಿಂಗ್ ಕಲಿಯುವ ಹುಡುಗರ ಫೋನು ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ.

“ಸಾರ್, ರಿಲೇ ಹೊಡೀತಿದೆ, ಡ್ರೈವ್ ಓಡ್ತಿಲ್ಲ.”

“ಪ್ಯಾರಾಮೀಟರ್ ನೋಡಿದ್ಯೇನಪ್ಪಾ? ರನ್ ಕಮಾಂಡ್ ಇನ್ನೂ ಕೀಪ್ಯಾಡ್ ಮೇಲೇ ಇದೆಯೇನೋ.”

ಎಷ್ಟೋ ಡ್ರೈವುಗಳು ಕಾರ್ಖಾನೆಯಿಂದ ಬರುವಾಗ ತಮ್ಮ ಮುಖದ ಮೇಲಿನ ಗುಂಡಿಯ ಮಾತನ್ನಷ್ಟೇ ಕೇಳುವಂತೆ ಬಂದಿರುತ್ತವೆ. ಟರ್ಮಿನಲ್ ಮಾತು ಕೇಳು ಎಂದು ನಾವೇ ಹೇಳಿಕೊಡಬೇಕು.

ಸಣ್ಣ ವಸ್ತುಗಳ ಬಗ್ಗೆ ನನಗೆ ಬಹಳ ಅಕ್ಕರೆ. ಕಾಯಿಲಿಗೆ ಅಡ್ಡಲಾಗಿ ಹಾಕುವ 1ಎನ್4007 ಡಯೋಡನ್ನೇ ನೋಡಿ. ಅಕ್ಕಿಕಾಳಿಗಿಂತ ಕೊಂಚ ದಪ್ಪ, ಕಪ್ಪು ಮೈ, ಒಂದು ತುದಿಯಲ್ಲಿ ಬೆಳ್ಳಿ ಪಟ್ಟೆ. ಪಟ್ಟೆ ಇರುವ ತುದಿ ಪ್ಲಸ್ ಕಡೆಗೆ. ರಿಲೇ ಬಿಡುವ ಗಳಿಗೆಯಲ್ಲಿ ಕಾಯಿಲ್ ತನ್ನಲ್ಲಿದ್ದ ಶಕ್ತಿಯನ್ನು ತಿರುಗಿಸಿ ಒದೆಯುತ್ತದೆ. 24 ವೋಲ್ಟಿನ ಕಾಯಿಲೇ ನೂರಾರು ವೋಲ್ಟಿನ ಏಟು ಕೊಡಬಲ್ಲದು. ಡಯೋಡ್ ಇಲ್ಲದಿದ್ದರೆ ಆ ಏಟು ಬೀಳುವುದು ಕಂಟ್ರೋಲರಿನ ಔಟ್‌ಪುಟ್ ಟ್ರಾನ್ಸಿಸ್ಟರಿಗೆ. ಡಯೋಡ್ ಹಾಕಿದರೆ ರಿಲೇ ಕೆಲವು ಮಿಲಿಸೆಕೆಂಡು ತಡವಾಗಿ ಬಿಡುತ್ತದೆ. ನಿಲ್ಲಲು ಸೆಕೆಂಡುಗಟ್ಟಲೆ ತೆಗೆದುಕೊಳ್ಳುವ ಸ್ಪಿಂಡಲಿಗೆ ಅದೊಂದು ಲೆಕ್ಕವೇ?

ಇನ್ನೊಂದು ಸಂಗತಿ ಕಾಂಟ್ಯಾಕ್ಟಿನದು. ದೊಡ್ಡ ರಿಲೇ ತಂದರೆ ಭದ್ರ ಎಂದು ಹತ್ತು ಆಂಪಿಯರಿನದನ್ನು ತಂದು ಹಾಕುವವರುಂಟು. ಡ್ರೈವಿನ ಇನ್‌ಪುಟ್ ಎಳೆಯುವುದು ಕೆಲವೇ ಮಿಲಿಆಂಪಿಯರ್. ಗಾಳಿಯಲ್ಲಿರುವ ಗಂಧಕದ ಅಂಶದಿಂದ ಬೆಳ್ಳಿ ಕಾಂಟ್ಯಾಕ್ಟಿನ ಮೇಲೆ ಕಪ್ಪು ಪೊರೆ ಕಟ್ಟುತ್ತದೆ. ಹೆಚ್ಚು ಕರೆಂಟು ಹರಿದರೆ ಸಣ್ಣ ಕಿಡಿಯೇ ಆ ಪೊರೆಯನ್ನು ಸುಟ್ಟುಬಿಡುತ್ತದೆ. ಕೆಲವು ಮಿಲಿಆಂಪಿಯರಿಗೆ ಆ ತಾಕತ್ತಿಲ್ಲ. ಆಗ ‘ಟಕ್’ ಕೇಳುತ್ತದೆ, ಸ್ಪಿಂಡಲ್ ಒಮ್ಮೆ ಓಡುತ್ತದೆ, ಒಮ್ಮೆ ಓಡುವುದಿಲ್ಲ. ಇಂಥ ಕಡೆ ಚಿನ್ನದ ಲೇಪವಿರುವ ಚಿಕ್ಕ ರಿಲೇಯೇ ಸರಿ. ಕಾಂಟ್ಯಾಕ್ಟಿನ ನಡುವೆ ಹುಳ ಹೊಕ್ಕ ಪ್ರಸಿದ್ಧ ಕಥೆಯೂ ಒಂದಿದೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡಿನ ಮಾರ್ಕ್ 2 ಗಣಕದ ರಿಲೇಯಲ್ಲಿ ಪತಂಗ ಸಿಕ್ಕಿತು, ಅಲ್ಲಿಯವರು ಅದನ್ನು ಲಾಗ್‌ಬುಕ್ಕಿಗೆ ಅಂಟಿಸಿಟ್ಟರು. ನಮ್ಮ ಪ್ಯಾನೆಲ್‌ಗಳಿಗೆ ಹಲ್ಲಿಯೂ ಬರುತ್ತದೆ. ಕೇಬಲ್ ಹೋಗುವ ತೂತಿಗೆಲ್ಲ ಗ್ಲ್ಯಾಂಡ್ ಹಾಕಿ ಮುಚ್ಚಬೇಕು.

ವೇಗದ ಮಾತು ಬೇರೆ. ಕಂಟ್ರೋಲರಿನಲ್ಲಿ ಸೊನ್ನೆಯಿಂದ ಹತ್ತು ವೋಲ್ಟಿನ ಔಟ್‌ಪುಟ್ ಇದ್ದರೆ ಅದನ್ನು ಶೀಲ್ಡ್ ಇರುವ ಕೇಬಲಿನಲ್ಲಿ, ಮೋಟರ್ ಕೇಬಲಿಂದ ದೂರ ಎಳೆದು ಕೊಡುತ್ತಾರೆ. ಇಲ್ಲದಿದ್ದರೆ? ಅಲ್ಲೂ ರಿಲೇಯೇ ಗತಿ. ಮಲ್ಟಿಸ್ಪೀಡ್ ಇನ್‌ಪುಟ್‌ಗಳಿಗೆ ಮೂರು ರಿಲೇ ಕೊಟ್ಟರೆ ಎಂಟು ಜೋಡಣೆ, ಎಂಟು ವೇಗ. ಹಳೇ ಲೇತಿನ ಹೆಡ್‌ಸ್ಟಾಕ್ ಹಿಡಿಗಳಲ್ಲೂ ಎಣಿಸಿದಷ್ಟೇ ವೇಗಗಳಿದ್ದವು. ಅವುಗಳಲ್ಲೇ ನಮ್ಮ ಹಿರಿಯರು ಎಂಥ ಕೆಲಸ ತೆಗೆದರು!

ಈಗ ಸ್ವಲ್ಪ ಊರ ಕಡೆ ಹೋಗಿಬರೋಣ. ಬೋರ್‌ವೆಲ್ ಇರುವ ತೋಟಗಳಲ್ಲಿ ಸ್ಟಾರ್ಟರ್ ಪೆಟ್ಟಿಗೆಗೆ ‘ಆಟೋ’ ಹಾಕಿಸಿರುತ್ತಾರೆ. ನಡುರಾತ್ರಿ ತ್ರೀ ಫೇಸ್ ಬಂದರೆ ಪಂಪು ತಾನೇ ಶುರುವಾಗುತ್ತದೆ. ರೈತನ ನಿದ್ದೆ ಉಳಿಸುವ ಜೋಡಣೆ ಅದು, ನಾನು ಮೆಚ್ಚುತ್ತೇನೆ. ಆದರೆ ಅದೇ ಗುಣ ಲೇತಿಗೆ ಬಂದರೆ? ಕರೆಂಟು ಹೋಗಿರುವಾಗ ಆಪರೇಟರ್ ಚಕ್ಕಿನೊಳಗೆ ಕೈ ಹಾಕಿ ಜಾಬ್ ಬಿಗಿಯುತ್ತಿರುತ್ತಾನೆ. ಕರೆಂಟು ಬಂದೊಡನೆ ಡ್ರೈವ್ ಓಡಿದರೆ ಕೈ ಹೋಯಿತು. ಫಾರ್ವರ್ಡ್ ದಾರಿಯಲ್ಲಿ ಬರೀ ಸೆಲೆಕ್ಟರ್ ಸ್ವಿಚ್ ಹಾಕಿ ಬಿಟ್ಟಿರುವ ಕಡೆ ಇದು ಆಗಬಹುದು. ಕರೆಂಟು ಹೋದರೆ ರಿಲೇ ಬೀಳಬೇಕು, ಬಂದ ಮೇಲೆ ಯಾರಾದರೂ ಹಸಿರು ಗುಂಡಿ ಒತ್ತಿದರೆ ಮಾತ್ರ ಏಳಬೇಕು. ಹಳೇ ಸ್ಟಾರ್ಟರಿನ ಹೋಲ್ಡಿಂಗ್ ಕಾಂಟ್ಯಾಕ್ಟ್ ಮಾಡುತ್ತಿದ್ದದ್ದು ಇದನ್ನೇ.

ಕೊನೆಗೆ ಕೆಂಪು ಗುಂಡಿ. ಎಮರ್ಜೆನ್ಸಿ ಸ್ವಿಚ್ಚಿನ ವೈರನ್ನು ಕಂಟ್ರೋಲರಿನ ಒಂದು ಇನ್‌ಪುಟ್ಟಿಗೆ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಸಾಫ್ಟ್‌ವೇರ್ ನಿಂತುಹೋದ ದಿನ ಆ ಗುಂಡಿ ಬರೀ ಅಲಂಕಾರ. ಗುಂಡಿಯ ಎನ್‌ಸಿ ಕಾಂಟ್ಯಾಕ್ಟಿನಿಂದ ಸೇಫ್ಟಿ ರಿಲೇಗೆ, ಅಲ್ಲಿಂದ ಡ್ರೈವಿನ ಎಸ್‌ಟಿಓ (ಸೇಫ್ ಟಾರ್ಕ್ ಆಫ್) ಟರ್ಮಿನಲ್‌ಗಳಿಗೆ ನೇರ ದಾರಿ ಇರಬೇಕು. ಎಸ್‌ಟಿಓ ಮೋಟರಿನ ಬಲ ತೆಗೆಯುತ್ತದೆಯೇ ಹೊರತು ಬ್ರೇಕ್ ಹಾಕುವುದಿಲ್ಲ. ಭಾರದ ಚಕ್ಕು ತನ್ನ ಓಟಕ್ಕೆ ತಾನೇ ಸುತ್ತುತ್ತಲೇ ಇರುತ್ತದೆ. ಹಾಗಾಗಿ ದೊಡ್ಡ ಲೇತಿನಲ್ಲಿ ಬ್ರೇಕಿಂಗ್ ರೆಸಿಸ್ಟರ್ ಹಾಕಿ, ಚಕ್ಕು ತಡೆಯುವಷ್ಟು ಬೇಗ ವೇಗ ಇಳಿಸಿ, ಆಮೇಲೆ ತಡ ಕೊಡುವ ಸೇಫ್ಟಿ ರಿಲೇಯಿಂದ ಎಸ್‌ಟಿಓ ಬೀಳಿಸುವುದು ಒಳ್ಳೆಯದು. ರಿಪೇರಿಗೆ ಕೈ ಹಾಕುವ ಮುಂಚೆ ಮೇನ್ ಆಫ್ ಮಾಡಿ, ಡ್ರೈವಿನ ಮೇಲೆ ಬರೆದಿರುವಷ್ಟು ನಿಮಿಷ ಕಾದು, ಮೀಟರ್ ಇಟ್ಟು ನೋಡಬೇಕು. ಒಳಗಿನ ಕೆಪಾಸಿಟರುಗಳು ಅಷ್ಟು ಬೇಗ ಖಾಲಿಯಾಗುವುದಿಲ್ಲ.

ಪ್ಯಾನೆಲ್ ಕಟ್ಟುವ ಸ್ನೇಹಿತರಲ್ಲಿ ನನ್ನದೊಂದು ಕೋರಿಕೆ. ಯಂತ್ರವನ್ನು ಆಪರೇಟರ್ ಕೈಗೆ ಕೊಡುವ ಮುಂಚೆ, ಚಕ್ಕಿನಲ್ಲಿ ಜಾಬ್ ಇಲ್ಲದಿರುವಾಗ, ಸ್ಪಿಂಡಲನ್ನು ನಿಧಾನಕ್ಕೆ ಓಡಿಸಿ ಕೆಂಪು ಗುಂಡಿ ಒತ್ತಿ ನೋಡಿ. ಆಮೇಲೆ ಮೇನ್ ಆಫ್ ಮಾಡಿ, ಕಾದು, ಆ ಗುಂಡಿಯ 24 ವೋಲ್ಟಿನ ವೈರನ್ನು ಟರ್ಮಿನಲಿನಿಂದ ಬಿಡಿಸಿ, ಮತ್ತೆ ಆನ್ ಮಾಡಿ, ವೈರು ತುಂಡಾದಂತಿರುವಾಗ ಸ್ಪಿಂಡಲ್ ಓಡದೇ ಇರುತ್ತದೋ ಪರೀಕ್ಷಿಸಿ. ಗುಂಡಿಗೆ ನಿಲ್ಲದಿದ್ದರೆ, ಇಲ್ಲವೇ ವೈರು ಬಿಡಿಸಿದರೂ ಓಡಿದರೆ, ಯಂತ್ರ ಕೊಡಬೇಡಿ.